ಹಲ್ಲು ನೋಡಿ ಹೇಳಿದ ವಯಸ್ಸು

ಆ ನಾಯಿಯ ವಯಸ್ಸು ನಿರ್ಧಾರವಾದದ್ದು ಅದು ನಮ್ಮ ಮನೆಗೆ ಬಂದ ಮೊದಲ ಬೆಳಗ್ಗೆಯೇ. ನಿರ್ಧರಿಸಿದವರು ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ. ಹೊನ್ನವಳ್ಳಿ ಕಡೆ ಯಾರೇ ಎತ್ತು ಕೊಳ್ಳುವುದಿದ್ದರೂ ಒಂದು ಕಾಲದಲ್ಲಿ ಭಾವನನ್ನು ಕರೆಸಿ ಹಲ್ಲು ನೋಡಿಸುತ್ತಿದ್ದರು. ಈಗ ಎತ್ತು ಕಟ್ಟುವವರೇ ಇಲ್ಲ, ಎಲ್ಲರ ಮನೆ ಮುಂದೆಯೂ ಟ್ರ್ಯಾಕ್ಟರು. ಟ್ರ್ಯಾಕ್ಟರಿಗೆ ಹಲ್ಲು ನೋಡುವ ಹಾಗಿಲ್ಲ. ಆದರೂ ಭಾವನ ಕೈ ಸುಮ್ಮನಿರುವುದಿಲ್ಲ. ಅಂಗಳಕ್ಕೆ ಬಂದ ಪ್ರಾಣಿ ಯಾವುದೇ ಆಗಲಿ, ಬಾಯಿ ಬಿಡಿಸಿ ನೋಡಿಯೇ ತೀರಬೇಕು.

ನಾಯಿ ಪಕ್ಕದ ತೋಟದ್ದು. ಆ ತೋಟದವರು ತೋಟ ಮಾರಿ ತುಮಕೂರಿಗೆ ಹೊರಟುಹೋದರು. ಹೋಗುವಾಗ ಮೋಟರು, ಪೈಪು, ಪಂಪ್‌ಹೌಸಿನ ಬಾಗಿಲನ್ನೂ ಕಿತ್ತುಕೊಂಡು ಹೋದರು. ನಾಯಿಯನ್ನು ಮಾತ್ರ ಬಿಟ್ಟರು. ತೋಟ ಕೊಂಡವರು ಬೇಲಿಗೆ ತಂತಿ ಬಿಗಿಸಿ ಅದನ್ನು ಆಚೆಗೆ ಅಟ್ಟಿದರು. ಅದು ಬೇಲಿಯ ಹೊರಗೆ ಕೂತು ಬಸ್ಸು ಬಂದಾಗಲೆಲ್ಲ ಎದ್ದು ನಿಲ್ಲುತ್ತಿತ್ತು, ಯಾರೂ ಇಳಿಯದಿದ್ದರೆ ಮತ್ತೆ ಕೂರುತ್ತಿತ್ತು. ನೋಡಿ ನೋಡಿ ತಡೆಯಲಾಗದೆ, ಒಂದು ಸಂಜೆ ಮುದ್ದೆಯ ಆಸೆ ತೋರಿಸಿ ಮನೆಗೆ ಕರೆದುಕೊಂಡು ಬಂದೆ.

ಕಂದು ಬಣ್ಣದ ಹೆಣ್ಣು ನಾಯಿ, ಮೂತಿಯ ಸುತ್ತ ಬೆಳ್ಳಗಾಗಿತ್ತು. ಭಾವ ಅದರ ದವಡೆ ಹಿಡಿದು ತುಟಿ ಎತ್ತಿದರು. ಮುಂದಿನ ಹಲ್ಲುಗಳೆಲ್ಲ ಸವೆದು ಒಸಡಿನ ಮಟ್ಟಕ್ಕೆ ಬಂದಿದ್ದವು, ಕೋರೆಹಲ್ಲು ಮೊಂಡಾಗಿತ್ತು.

"ಬಾಯೆಲ್ಲ ಸವ್ದೋಗೈತೆ ಕಣಮ್ಮ. ಹದ್ನಾಲ್ಕು ವರ್ಷಕ್ಕೆ ಕಮ್ಮಿ ಇಲ್ಲ" ಎಂದರು ಭಾವ. "ಇನ್ನೇನು, ಬಂದ ಹಾಗೆ ಹೋಯ್ತದೆ. ಇರೋಗಂಟ ಒಂದು ತುತ್ತು ಹಾಕು ಬುಡು."

ಅಲ್ಲಿಗೆ ಮುಗಿಯಿತು. ಅವತ್ತಿನಿಂದ ಮನೆಯವರೆಲ್ಲ ಅದನ್ನು ಅಜ್ಜಿ ಎಂದು ಕರೆದರು. ಅಜ್ಜಿ ಊಟ ಮಾಡ್ತಾ, ಅಜ್ಜಿ ಎಲ್ಲಿ ಮಲಗೈತೆ ಎಂದು ಪ್ರೀತಿಯಿಂದಲೇ ಕೇಳುತ್ತಿದ್ದರು. ಅಜ್ಜಿಯೋ, ಕಾಯಿ ಸುಲಿದು ಹಾಕಿದ ಮಟ್ಟೆಯ ರಾಶಿಯಿಂದ ಒಂದೊಂದೇ ಎಳೆದು ತಂದು, ಎರಡೂ ಮುಂಗಾಲಲ್ಲಿ ಅದುಮಿ ಹಿಡಿದು, ನಾರು ನಾರಾಗಿ ಸಿಗಿದು ಹಾಕುತ್ತಿತ್ತು. ಅಳಿಲು ಕಂಡರೆ ಮರದ ಬುಡದ ತನಕ ಒಂದೇ ಉಸಿರಿಗೆ ಓಡುತ್ತಿತ್ತು. "ಇದಕ್ಕೆ ಅಷ್ಟು ವಯಸ್ಸಾಗಿಲ್ಲ ಭಾವ" ಎಂದು ನಾನು ಹೇಳಿದೆ. "ಮುದಿ ಎತ್ತೂ ಒಂದೊಂದಿನ ಕುಣಿಯುತ್ತೆ" ಎಂದು ನಕ್ಕರು. ಮೂತಿ ಬೆಳ್ಳಗಾಗಿರುವುದನ್ನು ತೋರಿಸಿದರು. ಅವರ ತಮ್ಮನಿಗೆ, ಅಂದರೆ ನನ್ನ ಗಂಡನಿಗೆ, ಮೂವತ್ತಕ್ಕೇ ತಲೆ ಬೆಳ್ಳಗಾಗಿತ್ತು, ಮದುವೆ ಫೋಟೋದಲ್ಲಿ ಬಣ್ಣ ಹಚ್ಚಿಸಿಕೊಂಡು ನಿಂತಿದ್ದಾರೆ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಪಕ್ಕದ ತೋಟದವರಿಗೆ ಫೋನ್ ಮಾಡಿ ಕೇಳಬಹುದಿತ್ತು. ಆದರೆ ಬಾಗಿಲನ್ನೂ ಕಿತ್ತುಕೊಂಡು, ಜೀವವಿರುವ ನಾಯಿಯನ್ನು ಬಿಟ್ಟು ಹೋದವರ ಹತ್ತಿರ ಮಾತಾಡಲು ನನಗೆ ಮನಸ್ಸಾಗಲಿಲ್ಲ.

ಬೇಸಿಗೆ ಕಳೆಯುವ ಹೊತ್ತಿಗೆ ಅದು ವಿಪರೀತ ನೀರು ಕುಡಿಯತೊಡಗಿತು. ಇಟ್ಟ ಬೋಸಿ ಖಾಲಿ ಮಾಡಿ ದನದ ತೊಟ್ಟಿಗೂ ಬಾಯಿ ಹಾಕುತ್ತಿತ್ತು. ಕುಡಿದಷ್ಟೂ ಉಚ್ಚೆ. ಅನ್ನ ಮೂಸಿ ನೋಡಿ ಬಿಟ್ಟುಬಿಡುತ್ತಿತ್ತು. ಮೈ ಇಳಿಯಿತು, ಹೊಟ್ಟೆ ಮಾತ್ರ ದಪ್ಪಗಾಯಿತು. ಒಂದೊಂದನ್ನೂ ನಾನು ಹೇಳಿದೆ, ಒಂದೊಂದಕ್ಕೂ ಉತ್ತರ ಸಿದ್ಧವಾಗಿತ್ತು. ನೀರು ಕುಡಿಯುತ್ತೆ ಅಂದರೆ, ವಯಸ್ಸಾದ್ಮೇಲೆ ಬಾಯಿ ಒಣಗುತ್ತೆ. ತಿನ್ನಲ್ಲ ಅಂದರೆ, ಹಲ್ಲೇ ಇಲ್ಲ, ಏನು ತಿಂದಾತು? ಹೊಟ್ಟೆ ಬಂದಿದೆ ಅಂದರೆ, ಮುದುಕಿಗೆ ಹೊಟ್ಟೆ ಜೋತು ಬೀಳ್ದೆ ಇರ್ತದಾ? ಈ ಉತ್ತರ ಕೊಟ್ಟ ಭಾವನಿಗೆ ಎಪ್ಪತ್ತು ದಾಟಿದೆ. ಮಂಡಿ ನೋವಿಗೆ ತಿಪಟೂರು, ತುಮಕೂರು, ಬೆಂಗಳೂರು ಮೂರೂ ಕಡೆ ತೋರಿಸಿ ಬಂದಿದ್ದರು. ವಯಸ್ಸಾಯ್ತು ಬುಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನನಗೆ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಮನೆಯ ಸೊಸೆಯಾದವಳು ಎಷ್ಟು ನುಂಗಬೇಕೋ ಅಷ್ಟನ್ನೂ ನುಂಗಿದ್ದೇನೆ.

ಒಂದು ಬೆಳಗ್ಗೆ ಅದು ಏಳಲಿಲ್ಲ. ಕರೆದರೆ ಬಾಲ ಮಾತ್ರ ನೆಲಕ್ಕೆ ಬಡಿಯಿತು. ಅವತ್ತು ತಿಪಟೂರಿನಲ್ಲಿ ಕೊಬ್ಬರಿ ಮಾರ್ಕೆಟ್ಟಿನ ದಿನ, ಚೀಲ ತುಂಬಿದ ಗೂಡ್ಸ್ ಆಟೋ ಅಂಗಳದಲ್ಲೇ ನಿಂತಿತ್ತು. ನಾನು ಯಾರನ್ನೂ ಕೇಳದೆ ನಾಯಿಯನ್ನು ಗೋಣಿತಾಟಿನ ಸಮೇತ ಎತ್ತಿ, ಚೀಲಗಳ ಸಂದಿಯಲ್ಲಿ ಮಲಗಿಸಿ, ಪಕ್ಕದಲ್ಲಿ ಕೂತೆ. "ಅಲ್ಲಾ ಕಣಮ್ಮ, ಸಾಯೋ ಜೀವಾನ ಯಾಕೆ ಅಲ್ಲಾಡಿಸ್ತೀಯಾ" ಎಂದು ಭಾವ ಜಗಲಿಯಿಂದ ಕೂಗಿದರು. ನನ್ನ ಗಂಡ ತಲೆ ಬಗ್ಗಿಸಿ ಚೀಲದ ಹಗ್ಗ ಬಿಗಿದರು. ಅಣ್ಣನ ಮುಂದೆ ಅವರು ಯಾವತ್ತೂ ಏನೂ ಅನ್ನುವುದಿಲ್ಲ.

ತಿಪಟೂರಿನ ಪಶುವೈದ್ಯರು ನನಗಿಂತ ಚಿಕ್ಕವರು. ವಯಸ್ಸೆಷ್ಟು ಎಂದು ಕೇಳಿದಾಗ ನನ್ನ ಬಾಯಿಂದಲೂ ಹದಿನಾಲ್ಕು ಅಂತಾರೆ ಎಂದೇ ಬಂತು. ಅವರು ಹಲ್ಲು ನೋಡಿದರು. ಆಮೇಲೆ ತುಟಿ ಹಿಂದಕ್ಕೆಳೆದು ದವಡೆ ಹಲ್ಲನ್ನೂ ನೋಡಿ, ಕಣ್ಣಿಗೆ ಟಾರ್ಚ್ ಬಿಟ್ಟರು.

"ತೋಟದ ನಾಯಾ? ತೆಂಗಿನ ಮಟ್ಟೆ ಕಡೀತಿತ್ತಾ?"

"ದಿನಾ ಅದೇ ಕೆಲಸ."

"ಈ ಕಡೆ ತೋಟದ ನಾಯಿಗಳ ಹಲ್ಲು ನಂಬಂಗಿಲ್ಲ ಕಣ್ರೀ. ಮಟ್ಟೆ ಸಿಗಿದು ಸಿಗಿದು ಮುಂದಿನ ಹಲ್ಲು ಸವ್ದೋಗುತ್ತೆ. ಹಿಂದಿನ ಹಲ್ಲು ನೋಡಿ, ಎಷ್ಟು ಚೆನ್ನಾಗಿದೆ. ವಯಸ್ಸಾಗಿದ್ರೆ ಕಣ್ಣಿನೊಳಗೆ ಮಂಜು ಕಟ್ಟಿರೋದು, ಇದರ ಕಣ್ಣು ತಿಳಿಯಾಗಿದೆ. ಮೂತಿ ಕೆಲವಕ್ಕೆ ಬೇಗ ಬೆಳ್ಳಗಾಗುತ್ತೆ. ಖಂಡಿತ ಇಷ್ಟೇ ಅಂತ ಯಾರೂ ಹೇಳಕ್ಕಾಗಲ್ಲ. ಐದೋ ಆರೋ ಇರಬೋದು."

ಹೊಟ್ಟೆ ಮುಟ್ಟಿ, ಸ್ಕ್ಯಾನ್ ಮಾಡಿ, ಗರ್ಭಕೋಶದಲ್ಲಿ ಕೀವು ತುಂಬಿದೆ ಎಂದರು. ಮರಿ ನಿಲ್ಲದ ಹಾಗೆ ಆಪರೇಷನ್ ಮಾಡಿಸದ ಹೆಣ್ಣು ನಾಯಿಗಳಿಗೆ ಬೆದೆಯಾದ ಮೇಲೆ ಬರುವ ಕಾಯಿಲೆಯಂತೆ. ವಿಪರೀತ ನೀರು ಕುಡಿಯುವುದೇ ಅದರ ಗುರುತಂತೆ. ಆಗಲೇ ತಂದಿದ್ದರೆ ಗರ್ಭಕೋಶ ತೆಗೆದು ಉಳಿಸಿಕೊಳ್ಳಬಹುದಿತ್ತು, ಈಗ ನಂಜು ಕಿಡ್ನಿಗೆ ಹೋಗಿದೆ, ಆದರೂ ನೋಡೋಣ ಎಂದರು. ಗದರಿಸಲಿಲ್ಲ. ಗದರಿಸಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಡ್ರಿಪ್ ಹಾಕಿ ಅವತ್ತೇ ಆಪರೇಷನ್ ಮಾಡಿದರು. ಸಂಜೆ ಅದಕ್ಕೆ ಎಚ್ಚರವಾಗಿ ನನ್ನ ಕೈ ನೆಕ್ಕಿತು. ಮರುದಿನ ಮಧ್ಯಾಹ್ನ ಅಲ್ಲಿಯೇ, ಡ್ರಿಪ್ ಹಾಕಿದ ಹಾಗೆಯೇ ಸತ್ತುಹೋಯಿತು.

ಮನೆಗೆ ತಂದಾಗ ಭಾವ ಗುಂಡಿ ತೆಗೆಸಿಟ್ಟಿದ್ದರು. ನಮ್ಮ ಕಡೆ ಸತ್ತ ಪ್ರಾಣಿಯನ್ನು ತೆಂಗಿನ ಮರದ ಬುಡಕ್ಕೆ ಉಪ್ಪು ಹಾಕಿ ಹೂಳುವುದು ವಾಡಿಕೆ, ಮರಕ್ಕೆ ಒಳ್ಳೆಯ ಗೊಬ್ಬರ. ಕಾಯಿ ಕಡಿಮೆ ಬಿಡುತ್ತಿದ್ದ ಮರವನ್ನೇ ಆರಿಸಿದ್ದರು. ಡಾಕ್ಟರು ಹೇಳಿದ್ದನ್ನೆಲ್ಲ ನಾನು ಗುಂಡಿಯ ಪಕ್ಕದಲ್ಲೇ ನಿಂತು ಹೇಳಿದೆ. ಕಣ್ಣು, ದವಡೆ ಹಲ್ಲು, ಕೀವು, ಐದೋ ಆರೋ ವರ್ಷ, ಒಂದನ್ನೂ ಬಿಡಲಿಲ್ಲ. ಭಾವ ಸಮಾಧಾನವಾಗಿ ಕೇಳಿಸಿಕೊಂಡರು.

"ಡಾಕ್ಟ್ರು ನಿನ್ನ ಸಮಾಧಾನಕ್ಕೆ ಹೇಳವ್ರೆ. ಐದು ವರ್ಷದ್ದಾಗಿದ್ರೆ ಆಪರೇಷನ್ ತಡ್ಕೊಳ್ತಿರ್ಲಿಲ್ವಾ? ಮುದಿ ಜೀವ, ತಡೀಲಿಲ್ಲ."

ಸತ್ತದ್ದೇ ಅವರಿಗೆ ಸಾಕ್ಷಿಯಾಯಿತು. ಊರಲ್ಲಿ ಕೇಳಿದವರಿಗೆಲ್ಲ, ಹಲ್ಲು ನೋಡಿದ ದಿನವೇ ನಾನು ಹೇಳಿರಲಿಲ್ವಾ ಎಂದರು ಭಾವ. ಬಂದವರೂ ತುಂಬು ಆಯಸ್ಸು ಬಾಳಿತು ಎಂದು ನನಗೆ ಸಮಾಧಾನ ಹೇಳಿ ಹೋದರು. ನಾನು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟೆ.

ದೀಪಾವಳಿ ಕಳೆದ ಮೇಲೆ ಪಕ್ಕದ ತೋಟ ಮಾರಿ ಹೋದವರು ಮಗಳ ಮದುವೆಗೆ ಕರೆಯಲು ಬಂದರು. ಮಾತಿನ ಮಧ್ಯೆ ತಾವಾಗಿಯೇ ನಾಯಿಯ ವಿಷಯ ತೆಗೆದು, "ನಮ್ಮ ಕಂದು ನಾಯಿ ಏನಾಯ್ತು? ಲಾಕ್‌ಡೌನ್ ಟೈಮಲ್ಲಿ ಮರಿ ತಂದಿದ್ದೆ, ಭಾರಿ ಚುರುಕಿತ್ತು" ಎಂದರು. ಭಾವ ಬೆರಳು ಮಡಿಚಿ ಲೆಕ್ಕ ಹಾಕಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವರ ಮುಖ ನಿಜವಾಗಿಯೂ ಸಪ್ಪಗಾಯಿತು.

"ಅಯ್ಯೋ, ಐದೇ ವರ್ಷದ್ದಾ?" ಎಂದು ನನ್ನ ಕಡೆ ತಿರುಗಿದರು. "ಮೊದ್ಲೇ ಗೊತ್ತಿದ್ದಿದ್ರೆ ಡಾಕ್ಟ್ರಿಗೆ ತೋರಿಸ್ಬೋದಿತ್ತಲ್ಲಮ್ಮ!"

ಈ ಮಾತನ್ನು ಅವರ ಬಾಯಿಂದ ಕೇಳಬೇಕೆಂದು ನಾನು ತಿಂಗಳುಗಟ್ಟಲೆ ಹಲ್ಲು ಕಚ್ಚಿಕೊಂಡಿದ್ದೆ. ಕೇಳಿದ ಮೇಲೆ ಮೈಯೆಲ್ಲ ಉರಿಯಿತು. ಅಷ್ಟು ದಿನ ನಾನೂ ಅದಕ್ಕೆ ವಯಸ್ಸಾಗಿಲ್ಲ ಎಂದೇ ವಾದ ಮಾಡಿದ್ದೆ. ವಯಸ್ಸಾಗಿದ್ದರೆ ಹಾಗೆ ಬಿಡುವುದು ಸರಿ ಎಂದು ನಾನೇ ಒಪ್ಪಿಕೊಂಡ ಹಾಗಿತ್ತು.

"ಹದಿನಾಲ್ಕೇ ಆಗಿದ್ರೂ ಅದಕ್ಕೆ ನೋಯ್ತಿರ್ಲಿಲ್ವಾ ಭಾವ?" ಎಂದೆ.

ಮದುವೆಯಾಗಿ ಬಂದ ಮೇಲೆ ಹೊರಗಿನವರ ಮುಂದೆ ನಾನು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಭಾವ ಕೋಪಿಸಿಕೊಳ್ಳಲಿಲ್ಲ. ನಾನು ಕೇಳಿದ್ದು ಅವರಿಗೆ ಅರ್ಥವೇ ಆಗಲಿಲ್ಲ. "ಮುದಿ ನಾಯಿನ ಯಾರಮ್ಮ ಆಸ್ಪತ್ರೆಗೆ ಹೊತ್ಕೊಂಡೋಯ್ತಾರೆ?" ಎಂದರು. ಮದುವೆಗೆ ಕರೆಯಲು ಬಂದವರು ಹೌದೌದು ಎಂದು ತಲೆಯಾಡಿಸಿದರು. ನನ್ನ ಗಂಡನೂ ತಲೆಯಾಡಿಸಿದರು.