ಸೋಲು ಬರೆದ ರೆಕಾರ್ಡು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕುಣಿಗಲ್‌ನಲ್ಲಿ ಹೈಸ್ಕೂಲು ವಿಜ್ಞಾನದ ಮೇಷ್ಟ್ರು. ಶನಿವಾರ ಕ್ಲಾಸು ಮುಗಿದ ಮೇಲೆ ಸ್ಕೂಲಿನ ಅಂಗಳದಲ್ಲಿ ಮಕ್ಕಳಿಗೆ ಚೆಸ್ ಹೇಳಿಕೊಡುತ್ತಿದ್ದೆ. ಸೋತವರು ಹಣೆಬರಹ ಅನ್ನಕೂಡದು. ಯಾವ ನಡೆಯಲ್ಲಿ ಕೆಟ್ಟಿತು, ಏಕೆ ಕೆಟ್ಟಿತು ಅಂತ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಬರೆದು, ಮುಂದಿನ ವಾರ ಆ ಒಂದು ನಡೆ ಬದಲಿಸಿ ಆಡಿ ನೋಡಬೇಕು.

ಒಂದು ಶನಿವಾರ ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಹತ್ತನೇ ಕ್ಲಾಸಿನ ಜಯಮ್ಮನ ರೆಕಾರ್ಡು ತೆರೆದು ಕೆಂಡವಾದರು.

"ಏನ್ರೀ ಇದು? ಪುಟಪುಟಕ್ಕೂ 'ಸೋತೆ' ಅಂತ ಬರೆಸಿದ್ದೀರಿ! ವಿಜ್ಞಾನದ ರೆಕಾರ್ಡು ಕಣ್ರೀ. ಹರಿದಾಕ್ಸಿ."

"ಹರಿದಾಕ್ಸಲ್ಲ ಸಾರ್," ಅಂದೆ. "ನಮ್ಮ ಸ್ಕೂಲಲ್ಲಿ ಲೋಲಕಾನೇ ಇಲ್ಲ. ಆದ್ರೂ ಲೋಲಕದ ಪ್ರಯೋಗ ಎಲ್ಲರದ್ದೂ ಸರಿ ಬಂದಿದೆ. ಹೋದ ವರ್ಷದವರದ್ದು ನೋಡಿ ಬರೆದವ್ರೆ, ನೀವು ಸಹಿ ಹಾಕಿದ್ದೀರಿ. ಇವರು ನಿಜವಾಗ್ಲೂ ಮಾಡಿರೋ ಪ್ರಯೋಗ ಇದೊಂದೇ."

"ಕರೀರಿ ಆ ಹುಡುಗೀನ," ಅಂತ ಸಾಹೇಬರು ಅಂಗಳಕ್ಕೇ ಕುರ್ಚಿ ತರಿಸಿ ಆಟಕ್ಕೆ ಕೂತರು. ಅರ್ಧ ಗಂಟೆಯಲ್ಲಿ ಅವರ ರಾಜ ಮೂಲೆ ಸೇರಿ ಸತ್ತ. ಜಯಮ್ಮ ರೆಕಾರ್ಡನ್ನು ಅವರ ಮುಂದೆ ಸರಿಸಿದಳು.

"ಕಾರಣ ಬರೀರಿ ಸಾರ್."

ಅವರು ಪೆನ್ನು ತೆಗೆದು 'ಬೆಳಕು ಸಾಲದು' ಅಂತ ಬರೆದು, ಕೆಳಗೆ ಸಹಿ ಹಾಕಿದರು. ಮಧ್ಯಾಹ್ನ ಹನ್ನೆರಡರ ಬಿಸಿಲಿಗೆ ನನ್ನ ನೆತ್ತಿ ಸುಡುತ್ತಿತ್ತು.