ಮೂರು ಮೈಲಿಯಾಚೆಯ ದೇವರನಾಮ

ಕಾನೂನಿಗೆ ನಾನು ಅಗತ್ಯಕ್ಕಿಂತ ಹೆಚ್ಚು ಹೆದರುತ್ತೇನೆ. ಲಾಕ್‌ಡೌನಿನಲ್ಲಿ ಐರ್ಲೆಂಡ್ ಸರ್ಕಾರ ಮನೆಯಿಂದ ಎರಡು ಕಿಲೋಮೀಟರ್ ದಾಟಬೇಡಿ ಎಂದರೆ ನಾನು ಒಂದೂಮುಕ್ಕಾಲಿಗೇ ಹಿಂದಿರುಗುತ್ತಿದ್ದೆ. ಇಂಥವಳು ಕಡಲ್ಗಳ್ಳರ ಕಥೆ ಹೇಳಿ ಒಬ್ಬರನ್ನು ಕೆಡಿಸಿದೆನೆಂದರೆ ನಂಬುವುದು ಕಷ್ಟ.

ಕೆಟ್ಟವರು ಸರೋಜಮ್ಮ, ಡನ್‌ಡಾಕ್ ಎಂಬ ಊರಿನಲ್ಲಿ ನನ್ನ ಜೊತೆ ಫ್ಲ್ಯಾಟ್ ಹಂಚಿಕೊಂಡಿದ್ದ ವಿದ್ಯಾಳ ತಾಯಿ. ಮಗಳನ್ನು ನೋಡಲು ಮೈಸೂರಿನಿಂದ ಬಂದವರು, ವಿಮಾನ ನಿಂತು ಇಲ್ಲೇ ಉಳಿದರು. ಬೆಳಿಗ್ಗೆ ಗಟ್ಟಿಯಾಗಿ ದೇವರನಾಮ ಹಾಡದಿದ್ದರೆ ಅವರಿಗೆ ತಿಂಡಿ ಸೇರದು. ನಮಗೋ ಎದ್ದರೆ ಮೀಟಿಂಗ್. ಪಲ್ಲವಿ ಮುಗಿಯುವ ಮೊದಲೇ ವಿದ್ಯಾ ಕೈಯೆತ್ತುತ್ತಿದ್ದಳು: "ಅಮ್ಮಾ, ಮ್ಯೂಟ್!" ತಟ್ಟೆಯಲ್ಲಿ ಉಪ್ಪಿಟ್ಟು ಹಾಗೇ ಉಳಿಯತೊಡಗಿತು.

ನಗಿಸಲೆಂದು ಒಂದು ಮಧ್ಯಾಹ್ನ ಅವರಿಗೆ ಹೇಳಿದೆ: ಅರವತ್ತರ ದಶಕದಲ್ಲಿ ನಮ್ಮ ಪಕ್ಕದ ಬಂದರಿನಲ್ಲೇ ಒಂದು ಹಡಗಿಗೆ ರೇಡಿಯೋ ಕಂಬ ನೆಟ್ಟು ಕಡಲಿಗೆ ಬಿಟ್ಟರಂತೆ. ಬ್ರಿಟನ್ನಿನ ದಡದಿಂದ ಮೂರು ಮೈಲಿಯಾಚೆ ಆಗ ಅಲ್ಲಿನ ಕಾನೂನು ನಡೆಯದು. ಅಲ್ಲಿ ಲಂಗರು ಹಾಕಿ, ಸರ್ಕಾರಿ ರೇಡಿಯೋ ಅಷ್ಟಾಗಿ ಹಾಕದ ಪಾಪ್ ಹಾಡನ್ನು ದಿನವಿಡೀ ಹಾಕಿದರು; ಅವರಿಗೆ ಕಡಲ್ಗಳ್ಳರೆಂದೇ ಹೆಸರಾಯಿತು.

"ಕಡಲ್ಗಳ್ಳರು ಅಂತೀಯ, ಕದ್ದಿದ್ದೇನೇ?"

"ಏನೂ ಇಲ್ಲ ಆಂಟಿ. ಲೈಸೆನ್ಸ್ ಇಲ್ದೆ ಹಾಡು ಹಾಕಿದ್ರು, ಅಷ್ಟೆ."

"ಅಷ್ಟಕ್ಕೆ ಸಮುದ್ರಕ್ಕೆ ಹೋಗ್ಬೇಕಿತ್ತಾ?" ಎಂದವರು ಮಗಳ ಕೋಣೆಯತ್ತ ನೋಡಿ, "ಹೋಗ್ಬೇಕಾಗತ್ತೆ ಬಿಡು," ಎಂದರು.

ಮರುದಿನದಿಂದ ವಿದ್ಯಾಳ ಕಾರಿನ ಕೀ ಬೆಳಿಗ್ಗೆ ಕೊಕ್ಕೆಯಲ್ಲಿ ಇರುತ್ತಿರಲಿಲ್ಲ. ನಮ್ಮ ಕಿಟಕಿಯ ಕೆಳಗೆ ನಿಂತ ಕಾರಿನಲ್ಲಿ ಸರೋಜಮ್ಮ ಗಾಜು ಏರಿಸಿ ಕೂತು, ಮಗಳ ಕಾನೂನು ತಲುಪದ ಕಡೆ, ಮನಸಾರೆ ಹಾಡಿ ಬರುತ್ತಿದ್ದರು. ಉಪ್ಪಿಟ್ಟು ಖಾಲಿಯಾಗುತ್ತಿತ್ತು. ವಿದ್ಯಾ ಅದನ್ನು ತನ್ನ ಒಗ್ಗರಣೆಯ ಮಹಿಮೆ ಎಂದುಕೊಂಡಳು.

ಒಂದು ದಿನ ಚಳಿ ಹೆಚ್ಚಿತ್ತು. ಹೀಟರ್‌ಗೆಂದು ಸರೋಜಮ್ಮ ಕೀ ತಿರುಗಿಸಿದರು. ಮೇಲೆ ಮೀಟಿಂಗಿನಲ್ಲಿದ್ದ ವಿದ್ಯಾಳ ಫೋನ್ ಕರೆ ಬ್ಲೂಟೂತ್ ಹಿಡಿದು ಕಾರಿಗೆ ಹಾರಿತು. ಡಬ್ಲಿನ್ನಿನ ತಂಡವೆಲ್ಲ ಕೆಲಸದ ವರದಿಯ ಬದಲು ಅನುಪಲ್ಲವಿ ಕೇಳಿತು. ವಿದ್ಯಾ ಬರಿಗಾಲಲ್ಲಿ ಕೆಳಗೋಡಿದಳು, ಹಿಂದೆ ನಾನು.

"ದಟ್ ವಾಸ್ ಗ್ರ್ಯಾಂಡ್!" ಎಂದಿತು ಡ್ಯಾಶ್‌ಬೋರ್ಡು, ಮ್ಯಾನೇಜರ್ ಧ್ವನಿಯಲ್ಲಿ.

"ಯಾರಪ್ಪಾ ನೀನು? ಎಲ್ಲಿದ್ದೀಯ?" ಎಂದರು ಸರೋಜಮ್ಮ.

ನಾಳೆ ಮೀಟಿಂಗ್ ಆರಂಭಕ್ಕೆ ಅಮ್ಮನೇ ಹಾಡಲಿ ಎಂದು ಮ್ಯಾನೇಜರ್ ಅಪ್ಪಣೆ ಕೊಟ್ಟ. ಆ ರೇಡಿಯೋ ಹಡಗಿನವರಿಗೂ ಹೀಗೇ ಆಗಿತ್ತು. ಬ್ರಿಟನ್ನಿನ ಸರ್ಕಾರ ಹೊಸ ಕಾನೂನು ತಂದು ಅವರ ಬಾಯಿ ಕಟ್ಟಿತು. ಆಮೇಲೆ ಸರ್ಕಾರಿ ರೇಡಿಯೋ ಆ ಕಳ್ಳರಲ್ಲೇ ಹಲವರಿಗೆ ಸಂಬಳ ಕೊಟ್ಟು ಅದೇ ಹಾಡು ಹಾಕಿಸಿತು.

ಮರುದಿನ ಸರೋಜಮ್ಮ ರೇಷ್ಮೆ ಸೀರೆಯುಟ್ಟು ಲ್ಯಾಪ್‌ಟಾಪಿನ ಮುಂದೆ ಕೂತರು. ವಿದ್ಯಾ ತಾನೇ ಮ್ಯೂಟ್ ತೆಗೆದಳು. ಮೊದಲ ಸಾಲು ಬಂತು, ಎರಡನೆಯದು ಬರಲಿಲ್ಲ. ಅವರು ಪರದೆಗೆ ಕೈಮುಗಿದು ಎದ್ದರು.

"ಇಷ್ಟೊಂದು ಮರ್ಯಾದೆ ಕೊಟ್ರೆ ಹೆಂಗೇ ಹಾಡೋದು?" ಎಂದು ಸೀರೆ ಸಮೇತ ಕೆಳಗಿಳಿದರು.

ನಾನೂ ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತೆ. ಅವರು ಕನ್ನಡಿಯಲ್ಲಿ ನನ್ನನ್ನು ನೋಡಿ, "ಹೊಗಳ್ಬೇಡ, ತಾಳ ಹಾಕ್ಬೇಡ, ಮಾತೂ ಆಡ್ಬೇಡ," ಎಂದರು. ಇಷ್ಟು ನನಗೊಪ್ಪುವ ಕೆಲಸವನ್ನು ಈ ದೇಶದಲ್ಲಿ ಇನ್ನೂ ಯಾರೂ ಕೊಟ್ಟಿರಲಿಲ್ಲ.