ವರ್ಲಿನನ ಮಿಠಾಯಿ ಪೈಪು

ವರ್ಲಿನ್‌ಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮೆಟ್ಟಿಲ ಕಂಬಿಗೆ ಕಟ್ಟಿದ್ದ ಉದ್ದನೆಯ ಪೈಪನ್ನು ಐದನೇ ಸಲ ಅಲ್ಲಾಡಿಸಿ ನೋಡಿದ. ಮೇಲಿಂದ ಬಿಟ್ಟ ಮಿಠಾಯಿ ಕೆಳಗಿರುವ ಮಗುವಿನ ಚೀಲಕ್ಕೆ ಬೀಳಬೇಕು. ಕೊರೊನಾ ವರ್ಷ, ಹತ್ತಿರ ಬರುವ ಹಾಗಿಲ್ಲ.

ಹೆಂಡತಿ ಡೊರೀನ್ ಎದುರಿಗೇ ಬಂದು ನಿಂತು ಗದರಿದಳು: "ಪೈಪು ಎಲ್ಲೂ ಓಡಿಹೋಗಲ್ಲ ಮಾರಾಯಾ, ಸುಮ್ನೆ ಕೂತ್ಕೋ."

ಡಿಮೋಯ್ನ್ ಊರಿನಲ್ಲಿ ಹ್ಯಾಲೋವೀನ್ ಹಬ್ಬಕ್ಕೆ ದೆವ್ವದ ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಲು ಬರುವ ಮಕ್ಕಳು ಒಂದು ಜೋಕು ಹೇಳಲೇಬೇಕು, ಮಿಠಾಯಿ ಆಮೇಲೆ. ಇದರಲ್ಲಿ ವರ್ಲಿನ್ ಬಲು ಖಡಕ್ಕು. ಟೈರು ಫ್ಯಾಕ್ಟರಿಯ ಗದ್ದಲದಲ್ಲಿ ಮೂವತ್ತು ವರ್ಷ ದುಡಿದು ಅವನ ಕಿವಿ ಹೋಗಿತ್ತು. ತುಟಿ ನೋಡಿಯೇ ಜೋಕು ಹಿಡಿಯುತ್ತಿದ್ದ. ಇದು ಡೊರೀನ್ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಈ ಸಲ ಬರುವ ಮಕ್ಕಳೆಲ್ಲರ ತುಟಿಗೂ ಮಾಸ್ಕು.

ಆರು ಗಂಟೆಗೆ ಮೊದಲ ಮಾಟಗಾತಿ ಬಂದಳು. ಮಾಸ್ಕು ಅಲ್ಲಾಡಿತು, ನಿಂತಿತು. ವರ್ಲಿನ್ ಹೊಟ್ಟೆ ಹಿಡಿದುಕೊಂಡು ನಕ್ಕು ಮಿಠಾಯಿ ಬಿಟ್ಟ. ಅಸ್ಥಿಪಂಜರದ ವೇಷದ ಹುಡುಗನಿಗೂ ಅದೇ ನಗು. ಸದ್ಯ, ಬಚಾವಾದೆ ಅಂದುಕೊಂಡ.

ಆಮೇಲೆ ಬಾವಲಿ ರೆಕ್ಕೆ ಕಟ್ಟಿಕೊಂಡ ಪುಟ್ಟ ಹುಡುಗಿಯೊಬ್ಬಳು ಬಂದಳು. ಮಾಸ್ಕು ನಿಂತದ್ದೇ ತಡ, ವರ್ಲಿನ್ ಗಹಗಹಿಸಿದ. ಹುಡುಗಿ ಚೀಲ ಚಾಚಲಿಲ್ಲ. ಅವಳ ಕಣ್ಣು ತುಂಬಿ ಬಂದಿತ್ತು.

ಡೊರೀನ್ ಓಡಿಬಂದು ಅವನ ಮುಖ ತನ್ನ ಕಡೆ ತಿರುಗಿಸಿಕೊಂಡು ಬಿಡಿಸಿ ಬಿಡಿಸಿ ಹೇಳಿದಳು: "ಅದು ಜೋಕಲ್ಲ ಕಣೋ. 'ನಮ್ಮಜ್ಜಿ ಆಸ್ಪತ್ರೇಲಿದಾರೆ, ನಂಗೆ ಜೋಕು ನೆನಪಾಗ್ತಿಲ್ಲ' ಅಂದ್ಲು ಮಗು."

ವರ್ಲಿನ್ ಕಂಬಿ ಹಿಡಿದು ಹುಡುಗಿಯ ಕಡೆಗೆ ಬಾಗಿದ. ಆಮೇಲೆ ಬೀದಿಗೆ ಬೀದಿಯೇ ತಿರುಗಿ ನೋಡುವಂತೆ ಕೂಗಿದ:

"ನಂಗೆ ಕಿವಿ ಕೇಳಲ್ಲ ಪುಟ್ಟೀ!"